ನಾರಾಯಣಖೇಡದ ಎಂಟು ತಾಸು

ಮೂಸೆಯಲ್ಲಿ ಉಳಿದ ಬೂದಿ ಆವತ್ತು ಬೆಳ್ಳಗಿತ್ತು. ನಮಗೆ ಬರುವ ಕಲ್ಲಿದ್ದಲಿನ ಬೂದಿ ಮಣ್ಣಿನ ಬಣ್ಣಕ್ಕಿರುತ್ತದೆ, ಕೆಲವೊಮ್ಮೆ ನಸುಗೆಂಪು. ಒಂಬತ್ತು ವರ್ಷ ದಿನವೂ ಅದನ್ನೇ ನೋಡಿದ ಕಣ್ಣಿಗೆ ವ್ಯತ್ಯಾಸ ತಕ್ಷಣ ಗೊತ್ತಾಯಿತು. ತೂಕ ಮಾಡಿದೆ, ಬೂದಿ ಹೆಚ್ಚು. ಶಾಖದ ಲೆಕ್ಕ ಹಾಕಿದೆ, ಅದು ಕಡಿಮೆ. ಗಣಿಯವರು ಕಾಗದದಲ್ಲಿ ಬರೆದದ್ದಕ್ಕಿಂತ ಒಂದು ದರ್ಜೆ ಕೆಳಗಿನ ಮಾಲು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಮೊದಲು ಬೇರೆಯವರ ಮೇಲೇ ಹೋಗುತ್ತದೆ, ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ತಾಂಡೂರಿನ ಹೊರಗೆ, ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವ ಒಂದು ಮಧ್ಯಮ ಗಾತ್ರದ ಘಟಕದಲ್ಲಿ ನಾನು ಕೆಮಿಸ್ಟ್. ಸುತ್ತಲಿನ ಕಾರ್ಖಾನೆಗಳಿಗೆ ಕೊಟ್ಟು ಉಳಿದದ್ದನ್ನು ಗ್ರಿಡ್ಡಿಗೆ ಕಳಿಸುತ್ತೇವೆ. ಆ ಬೇಸಿಗೆಯಲ್ಲಿ ದೇಶದ ತುಂಬ ಕಲ್ಲಿದ್ದಲಿಗೆ ಎಳೆದಾಟ ನಡೆದಿತ್ತು. ಟೀವಿಯಲ್ಲಿ ಸೋಲಾರಿನ ಮಾತು, ನಮ್ಮ ಆಫೀಸಿನ ಮಾಳಿಗೆ ಮೇಲೂ ಸೋಲಾರಿನ ಹಲಗೆಗಳು. ಆದರೆ ಸೂರ್ಯ ಮುಳುಗಿ, ಜನ ಮನೆಗೆ ಬಂದು ಕೂಲರ್ ಹಾಕುವ ಹೊತ್ತಿಗೆ ಇನ್ನಷ್ಟು ಕೊಡಿ, ಇನ್ನಷ್ಟು ಕೊಡಿ ಎಂದು ಫೋನು ಬರುತ್ತಿದ್ದುದು ನಮಗೇ. ರೈಲು ವ್ಯಾಗನ್‌ಗಳನ್ನೆಲ್ಲ ದೊಡ್ಡ ಸ್ಥಾವರಗಳಿಗೆ ಮೀಸಲಿಟ್ಟಿದ್ದರು. ನಮ್ಮಂಥ ಸಣ್ಣವರ ಪಾಲಿಗೆ ಲಾರಿ. ಅವು ಗೋದಾವರಿ ಕಡೆಯ ಗಣಿಗಳಿಂದ ಹೊರಟು ಮೆದಕ್, ನಾರಾಯಣಖೇಡ, ಜಹೀರಾಬಾದ್ ಹಾದು ಬರುತ್ತಿದ್ದವು. ಬಂದದ್ದು ಬಂದ ಹಾಗೇ ಉರಿದು ಹೋಗುತ್ತಿತ್ತು. ಅಂಗಳದ ರಾಶಿ ಕರಗಿ ಕರಗಿ, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಾಣದಿದ್ದ ಆಚೆ ಕಡೆಯ ಕಾಂಪೌಂಡ್ ಗೋಡೆ ನನ್ನ ಕಿಟಕಿಯಿಂದ ಕಾಣತೊಡಗಿತ್ತು.

ಪ್ರಯೋಗಾಲಯ ಆ ಅಂಗಳದ ಮೂಲೆಯಲ್ಲಿದೆ. ಕೆಮಿಸ್ಟ್ ಎಂದು ಅಲ್ಲಿರುವುದು ನಾನೊಬ್ಬಳೇ. ನನ್ನ ಒಂದು ಅಂಕಿಯಿಂದ ಒಂದು ಲಾರಿ ಒಳಗೆ ಬರುತ್ತದೆ ಅಥವಾ ಗೇಟಿನಲ್ಲೇ ನಿಲ್ಲುತ್ತದೆ. ಹಾಗಾಗಿ ಚಾಲಕರ ಜೊತೆ ಮಾತಿಲ್ಲ, ಸಾಗಣೆಯವರ ಜೊತೆ ಮಾತಿಲ್ಲ ಎಂದು ಮೊದಲ ವರ್ಷವೇ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಯಾರೂ ಹೇಳಿದ್ದಲ್ಲ. ಅದರಿಂದ ನನ್ನ ಮೇಲೆ ಒಂದು ಚಾಡಿಯೂ ಹುಟ್ಟಲಿಲ್ಲ, ಒಂದು ಸ್ನೇಹವೂ ಹುಟ್ಟಲಿಲ್ಲ. ಕ್ವಾರ್ಟರ್ಸಿನಲ್ಲೂ ಒಬ್ಬಳೇ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಆಡಿದ ಮಾತೆಂದರೆ ತಕ್ಕಡಿಯ ಮುಳ್ಳು ನಿಲ್ಲದಿದ್ದಾಗ ಅದಕ್ಕೆ ಬೈದದ್ದು ಮಾತ್ರ. ಒಂಟಿತನ ಎಂದು ಆಗ ಅದನ್ನು ಕರೆಯುತ್ತಿರಲಿಲ್ಲ, ಶಿಸ್ತು ಎನ್ನುತ್ತಿದ್ದೆ.

ಕೆಲಸದ ಕ್ರಮ ಹೀಗೆ. ಲಾರಿ ಬಂದು ನಿಂತ ಮೇಲೆ ಅದರ ಮೇಲ್ಪದರ ಸರಿಸಿ, ಮೊಳದಷ್ಟು ಕೆಳಗಿನಿಂದ ಐದಾರು ಕಡೆ ಕಲ್ಲಿದ್ದಲು ತೆಗೆಯುತ್ತಾರೆ. ಅದನ್ನು ಸಣ್ಣಗೆ ಒಡೆದು, ಗುಪ್ಪೆ ಮಾಡಿ, ಗುಪ್ಪೆಯನ್ನು ಚಪ್ಪಟೆ ತಟ್ಟಿ ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡನ್ನು ಇಟ್ಟುಕೊಂಡು ಎರಡನ್ನು ಚೆಲ್ಲುತ್ತಾರೆ. ಮತ್ತೆ ಒಡೆದು ಮತ್ತೆ ಗುಪ್ಪೆ. ಹೀಗೆ ಒಂದು ಲಾರಿ ಕಲ್ಲಿದ್ದಲು ಕೊನೆಗೆ ಎರಡು ಬಾಟಲಿಗೆ ಇಳಿಯುತ್ತದೆ. ಒಂದು ಪರೀಕ್ಷೆಗೆ, ಇನ್ನೊಂದು ತಕರಾರು ಬಂದರೆ ಇರಲಿ ಎಂದು ಮೊಹರು ಹಾಕಿ ಕಪಾಟಿಗೆ. ಪರೀಕ್ಷೆಯ ಬಾಟಲಿಯಿಂದ ನಾನು ತೆಗೆದುಕೊಳ್ಳುವುದು ಒಂದೇ ಗ್ರಾಂ ಪುಡಿ. ಅದನ್ನು ಉಕ್ಕಿನ ಪುಟ್ಟ ಪಾತ್ರೆಯಲ್ಲಿಟ್ಟು, ಆಮ್ಲಜನಕ ತುಂಬಿ, ನೀರಿನಲ್ಲಿ ಮುಳುಗಿಸಿ ಒಳಗೆ ಕಿಡಿ ಹೊತ್ತಿಸಿದರೆ, ನೀರು ಎಷ್ಟು ಬಿಸಿಯಾಯಿತು ಎಂಬುದರಿಂದ ಆ ಲಾರಿಯ ಹಣೆಬರಹ ಗೊತ್ತಾಗುತ್ತದೆ.

ಒಡೆಯಲು ನಮ್ಮಲ್ಲಿ ಒಂದು ಯಂತ್ರವಿತ್ತು. ಚಳಿಗಾಲದಲ್ಲಿ ಅದರ ದವಡೆ ಮುರಿದು, ಹೊಸದು ಬರುವವರೆಗೆ ಕೈಯಲ್ಲೇ ಕುಟ್ಟಬೇಕಾಯಿತು. ಆ ಕೆಲಸಕ್ಕೆ ಪೆದ್ದೆಮುಲ್ ಕಡೆಯ ಒಬ್ಬ ಹೆಂಗಸಿದ್ದಳು, ಗುತ್ತಿಗೆಯ ಆಳು. ನನಗಿಂತ ಹತ್ತು ವರ್ಷ ದೊಡ್ಡವಳು, ಕೈ ಗಟ್ಟಿ, ಮಾತು ಕಡಿಮೆ. ಕುಟ್ಟಲು ಅಂಗಳದಲ್ಲಿ ಒಂದು ಕಬ್ಬಿಣದ ತಗಡು, ನೆಲಕ್ಕೆ ಸಿಮೆಂಟಿನಲ್ಲಿ ಕೂರಿಸಿದ್ದು. ಹೋಳಿ ಹುಣ್ಣಿಮೆ ದಾಟಿದ ಮೇಲೆ ಮಧ್ಯಾಹ್ನ ಆ ತಗಡಿನ ಹತ್ತಿರ ಕೂರುವ ಹಾಗಿರಲಿಲ್ಲ, ರೊಟ್ಟಿ ಬೇಯುವಷ್ಟು ಕಾಯುತ್ತಿತ್ತು. ಮೇಲೊಂದು ತಗಡಿನ ನೆರಳು ಹಾಕಿಸಿ ಎಂದು ಬರೆದ ನನ್ನ ಚೀಟಿ ಮೂರು ಟೇಬಲ್ ಸುತ್ತಿ ನಾಲ್ಕನೆಯದರಲ್ಲಿ ಮಲಗಿತು. ಕೊನೆಗೆ ನಾನೇ ಒಂದು ದಾರಿ ಮಾಡಿದೆ. ನನ್ನ ಅಣ್ಣನಿಗೆ ನಮ್ಮೂರು ತಾಂಡೂರಿನಲ್ಲೇ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇದೆ. ಎರಡು ಇಂಚು ದಪ್ಪದ ಒಂದು ನೀಲಿ ಫರಸಿ ಕಲ್ಲು ಕೇಳಿದೆ. ಮರುದಿನವೇ ಆಟೋದಲ್ಲಿ ಬಂತು. ಬೇವಿನ ಮರದ ನೆರಳಿಗೆ ಹಾಕಿಸಿದೆ. ಬೆಳಗ್ಗೆ ಬಂದ ಲಾರಿಯ ಕಲ್ಲಿದ್ದಲು ಕಬ್ಬಿಣದ ಮೇಲೆ, ಮಧ್ಯಾಹ್ನ ಬಂದದ್ದು ಕಲ್ಲಿನ ಮೇಲೆ. ಆ ಹೆಂಗಸು ಅದರ ಮೇಲೆ ಕೈಯಾಡಿಸಿ, "ಛಲೋ ಆತ್ರಿ ಅಕ್ಕೋರೆ, ತಣ್ಣಗ ಅದ" ಎಂದಳು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ನನಗೂ ಹಿಗ್ಗಾಯಿತು.

ಬಿಳಿ ಬೂದಿ ಕಂಡದ್ದು ಅದಾಗಿ ಕೆಲವು ವಾರದ ಮೇಲೆ. ಮೊದಲು ವಾರಕ್ಕೊಂದು, ಆಮೇಲೆ ಎರಡು ದಿನಕ್ಕೊಂದು. ಯಾವ ಲಾರಿ ಎಂದು ರಿಜಿಸ್ಟರ್ ತೆಗೆದು ನೋಡಿದರೆ ಹೆಚ್ಚಾಗಿ ಒಂದೇ ನಂಬರ್. ಆ ಲಾರಿ ನನಗೆ ಗುರುತಿತ್ತು. ಕ್ಯಾಬಿನ್ನಿನ ಮೇಲೆ ಬೌದ್ಧರ ಐದು ಬಣ್ಣದ ಪಂಚಶೀಲದ ಸಣ್ಣ ಬಾವುಟ ಇರುತ್ತಿತ್ತು, ಧೂಳು ಹಿಡಿದರೂ ವಾರಕ್ಕೊಮ್ಮೆ ಒಗೆದು ಮತ್ತೆ ಕಟ್ಟುತ್ತಿದ್ದ. ಚಾಲಕ ನಾರಾಯಣಖೇಡದವನು, ನಲವತ್ತು ದಾಟಿದವನು. ಕಿಟಕಿಯಾಚೆ ಹೋಗುವಾಗ ಒಮ್ಮೆ ತಲೆ ಬಾಗಿಸುತ್ತಿದ್ದ, ನಾನು ನೋಡದವಳಂತೆ ಇರುತ್ತಿದ್ದೆ.

ನಮ್ಮ ಘಟಕದ ಮುಖ್ಯಸ್ಥರಿಗೆ ತಿಳಿಸಿದೆ. ಅವರು ಲಾರಿಗಳ ಜಾಡು ತೋರಿಸುವ ಕಂಪ್ಯೂಟರ್ ತೆಗೆಸಿದರು. ಉಳಿದ ಲಾರಿಗಳು ರಾತ್ರಿಯಿಡೀ ಓಡಿ ಸಾಮಾನ್ಯವಾಗಿ ಬೆಳಗ್ಗೆ ಎಂಟರೊಳಗೆ ಗೇಟಿಗೆ ಬರುತ್ತಿದ್ದವು, ಎಲ್ಲೋ ಒಂದು ತಡವಾಗುತ್ತಿತ್ತು. ಇದೊಂದು ಮಾತ್ರ ಪ್ರತಿ ಸಲ ನಾರಾಯಣಖೇಡದಲ್ಲಿ ಎಂಟು ತಾಸು ನಿಂತು, ನಡುಮಧ್ಯಾಹ್ನ ತಾಂಡೂರು ಸೇರುತ್ತಿತ್ತು. ಪರದೆಯ ಮೇಲೆ ಆ ಎಂಟು ತಾಸು ಒಂದು ಕೆಂಪು ಚುಕ್ಕೆ. ಮುಖ್ಯಸ್ಥರು ಬೆರಳಿಟ್ಟು, "ಇಲ್ಲೇ ಮಾಲು ಬದಲಾಗ್ತಿದೆ" ಎಂದು ತೆಲುಗಿನಲ್ಲಿ ಹೇಳಿದರು. ಒಳ್ಳೆಯದನ್ನು ಇಳಿಸಿ ಮಾರಿ, ಅಷ್ಟೇ ತೂಕದ ಕಳಪೆ ಮಾಲು ತುಂಬುವುದು ಈ ದಾರಿಯಲ್ಲಿ ಕೇಳದ ಮಾತೇನಲ್ಲ. ನಾನೂ ತಲೆಯಾಡಿಸಿದೆ.

ಅದೇ ವಾರ ಬಾಯ್ಲರಿನ ಶಿಫ್ಟ್ ಇಂಜಿನಿಯರ್ ನನ್ನ ಬಾಗಿಲಿಗೆ ಬಂದರು. ಕೊಡಂಗಲ್ ಕಡೆಯವರು, ನಿವೃತ್ತಿಗೆ ಹತ್ತಿರ, ಬಾಗಿಲಲ್ಲೇ ನಿಂತು ಮಾತಾಡುವ ಪೈಕಿ.

"ಮೇಡಂ, ನಿಮ್ಮ ಕಾಗದದಾಗ ಬೂದಿ ಹೆಚ್ಚಾಗ್ಯಾದ. ನನ್ನ ಬೂದಿ ಬೀಳೋ ಹಾಪರ್‌ದಾಗ ಹೆಚ್ಚಾಗಿಲ್ರಿ. ಬೂದಿ ಟ್ಯಾಂಕರ್ ಮೊದಲ ಎಷ್ಟ ಹೋಗ್ತಿದ್ವು, ಈಗೂ ಅಷ್ಟ ಹೋಗ್ಲಿಕತ್ಯಾವ. ಬೆಂಕಿ ಬರೋಬ್ಬರಿ ಅದ."

"ನಿಮ್ಮದು ಅಂದಾಜು, ನನ್ನದು ಅಳತಿ," ಎಂದೆ.

ಅವರು ನನ್ನ ಮುಖ ನೋಡಿದರು. "ಹಂಗಾದ್ರ ಆತ್ರಿ," ಎಂದು ಹೊರಟುಹೋದರು. ಆ ಮೇಲೆ ಬಹಳ ದಿನ ಬರಲಿಲ್ಲ.

ನನಗೆ ಜಾಣತನ ತೋರಿಸುವ ಚಟ ಒಂದಿದೆ. ಕಳಪೆ ಎಂದರೆ ಸಾಲದು, ಏನು ಬೆರೆಸಿದ್ದಾನೆ ಎಂದು ಹಿಡಿಯಬೇಕು ಎನಿಸಿತು. ಬೆಳ್ಳನೆಯ ಬೂದಿ ಎಂದರೆ ಸುಣ್ಣ. ಆ ಚಾಲಕನ ಏಳು ಸಲದ ಮೊಹರಿನ ಬಾಟಲಿಗಳನ್ನು ಕಪಾಟಿನಿಂದ ತೆಗೆದೆ. ಪ್ರತಿಯೊಂದರಿಂದ ಚಿಟಿಕೆ ಪುಡಿ ಗಾಜಿನ ತಟ್ಟೆಗೆ ಹಾಕಿ ಮೇಲೆ ನೀರು ಬೆರೆಸಿದ ಆಮ್ಲ ಬಿಟ್ಟೆ. ಏಳರಲ್ಲಿ ಏಳೂ ಬುಸುಗುಟ್ಟಿ ನೊರೆ ಎದ್ದಿತು. ಬೆಳಗ್ಗೆ ಬಂದ ಲಾರಿಗಳ ಪುಡಿಗೆ ಬಿಟ್ಟೆ, ಸುಮ್ಮನಿತ್ತು. ಸುಣ್ಣದ ಕಲ್ಲು ಬೆರೆತಿದೆ, ಸಂಶಯವೇ ಇಲ್ಲ. ತಾಂಡೂರಿನ ಸುತ್ತ ಕಲ್ಲಿನ ಚೂರು ಗುಡ್ಡದ ಹಾಗೆ ಬಿದ್ದಿರುತ್ತದೆ, ಯಾರು ಬೇಕಾದರೂ ತುಂಬಿಕೊಳ್ಳಬಹುದು. ಅರ್ಧ ಪುಟದ ವರದಿ ಬರೆದು ಕೆಳಗೆ ಸಹಿ ಹಾಕಿದೆ. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು.

ಮರುದಿನ ಆ ಲಾರಿಯನ್ನು ಗೇಟಿನಲ್ಲಿ ನಿಲ್ಲಿಸಿದರು. ಮೂರು ದಿನ ಅಲ್ಲೇ ನಿಂತಿತ್ತು. ಚಾಲಕ ಅದರ ನೆರಳಲ್ಲೇ ಇದ್ದ. ಮೂರನೆಯ ದಿನ ಕಾವಲುಗಾರನ ಕಣ್ಣು ತಪ್ಪಿಸಿಯೋ, ಅವನೇ ಬಿಟ್ಟನೋ, ನನ್ನ ಕಿಟಕಿಗೆ ಬಂದ. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುಖ ತೊಳೆದುಕೊಂಡು, ಬೇರೆ ಅಂಗಿ ಹಾಕಿಕೊಂಡು ಬಂದಿದ್ದ.

"ಮೇಡಂ, ನಿಮ್ಮ ಮಶೀನ್ ಸುಳ್ಳ ಹೇಳ್ತದ ಅನ್ನಂಗಿಲ್ರಿ ನಾ. ಆದ್ರ ನಾ ಕೋಯ್ಲಾ ಮುಟ್ಟಿಲ್ಲ."

"ಆಫೀಸಿಗೆ ಹೋಗಿ ಹೇಳು."

"ಅಲ್ಲಿ ಹೇಳೀನ್ರಿ. ಎಂಟು ತಾಸು ಎಲ್ಲಿದ್ದಿ ಅಂತಾರ. ಮನ್ಯಾಗ ಇದ್ದೆ ಅಂದ್ರ ನಗ್ತಾರ. ಎರಡ ದಿನ ಗಾಡಿ ಹೊಡದಿರ್ತೀನ್ರಿ, ದಾರ್ಯಾಗ ನನ್ನ ಊರು ಬರ್ತದ. ಮನಿಗಿ ಹೋಗಿ ಮೈ ತೊಳ್ಕೊಂಡು, ಉಂಡು, ಮಲಗ್ತೀನಿ. ಇದರಾಗ ತಪ್ಪೇನದರಿ?"

"ನಾನು ಡ್ರೈವರ್ ಜೋಡಿ ಮಾತಾಡಂಗಿಲ್ಲ," ಎಂದೆ. ಕಿಟಕಿ ಮುಚ್ಚಿದೆ. ಗಾಜಿನಾಚೆ ಅವನು ಇನ್ನೂ ಇದ್ದ. ನಾನು ಬೆನ್ನು ತಿರುಗಿಸಿ, ಆಗಲೇ ತೊಳೆದಿದ್ದ ಮೂಸೆಗಳನ್ನು ಮತ್ತೆ ತೊಳೆದೆ.

ಅವನನ್ನು ಕೆಲಸದಿಂದ ತೆಗೆದರು ಎಂದು ಕಾವಲುಗಾರ ಹೇಳಿದ. ಲಾರಿ ಮಾಲೀಕ ಬೇರೊಬ್ಬನನ್ನು ಕೂರಿಸಿದ್ದ, ಬಾವುಟ ಇಳಿದಿತ್ತು. ಹೊಸಬ ಹುರುಪಿನವನು. ಎಲ್ಲೂ ನಿಲ್ಲುವುದಿಲ್ಲ ಎಂದು ಬರೆದುಕೊಟ್ಟು ಬಂದಿದ್ದ. ಮೊದಲ ಎರಡು ಸಲ ಬೆಳಗ್ಗೆಯೇ ಬಂದ, ಮಾಲು ಸರಿಯಾಗಿತ್ತು. ನೋಡಿದಿರಾ ಎಂದರು ಮುಖ್ಯಸ್ಥರು. ಮೂರನೆಯ ಸಲ ಗಣಿಯಲ್ಲಿ ತುಂಬುವುದೇ ತಡವಾಗಿ, ಮೆದಕ್ ಹತ್ತಿರ ಟೈರೂ ಒಡೆದು ಅವನು ಮುಟ್ಟಿದ್ದು ಮಧ್ಯಾಹ್ನ ಒಂದೂವರೆಗೆ. ಟೈರು ಬದಲಿಸಿದ ಅರ್ಧ ತಾಸು ಬಿಟ್ಟರೆ ದಾರಿಯಲ್ಲಿ ಎಲ್ಲೂ ನಿಂತಿರಲಿಲ್ಲ. ಅವನ ಮಾಲಿನ ಬೂದಿ ಬೆಳ್ಳಗಿತ್ತು.

ಆಮ್ಲ ಬಿಟ್ಟೆ. ಬುಸುಗುಟ್ಟಿತು.

ಅರ್ಧ ತಾಸಿನಲ್ಲಿ, ಹೆದ್ದಾರಿಯ ಮೇಲೆ, ಒಂದು ಲಾರಿ ಕಲ್ಲಿದ್ದಲಿಗೆ ಕಲ್ಲು ಬೆರೆಸಲು ಆಗುವುದಿಲ್ಲ. ರಿಜಿಸ್ಟರ್ ತೆಗೆದು, ಲಾರಿ ನಂಬರನ್ನು ಕೈಯಿಂದ ಮುಚ್ಚಿ, ಬಂದ ಹೊತ್ತನ್ನು ಮಾತ್ರ ನೋಡುತ್ತಾ ಹೋದೆ. ಬಿಳಿ ಬೂದಿಯ ಒಂದೊಂದು ಸಾಲೂ ಹನ್ನೆರಡರ ಮೇಲಿನದು. ಬೆಳಗಿನದು ಒಂದೂ ಇಲ್ಲ. ಹೊತ್ತು ಬರೆಯುವ ಆ ಕಾಲಂ ಅಲ್ಲೇ ಇತ್ತು, ನನ್ನ ಕೈಯಕ್ಷರದಲ್ಲೇ ಇತ್ತು. ನಾನು ನೋಡಿದ್ದು ನಂಬರನ್ನು ಮಾತ್ರ.

ಬಿಸಿಲಲ್ಲಿ ಹೊರಗೆ ಹೋದೆ. ನಿಜ ಹೇಳಬೇಕೆಂದರೆ ಮಧ್ಯಾಹ್ನದ ಹೊತ್ತು ನಾನು ಬೇವಿನ ಮರದ ಕಡೆ ಹೋಗಿ ತಿಂಗಳ ಮೇಲಾಗಿತ್ತು. ಆ ಹೆಂಗಸು ಕೂತು ಕುಟ್ಟುತ್ತಿದ್ದಳು. ಉಕ್ಕಿನ ತಲೆಯ ದಮ್ಮಸು ಮೇಲೇಳುತ್ತಿತ್ತು, ಬೀಳುತ್ತಿತ್ತು. ಕಲ್ಲಿನ ನಡುವೆ ತಗ್ಗು ಬಿದ್ದಿತ್ತು, ಊಟದ ಗಂಗಾಳ ಇಡುವಷ್ಟು ಅಗಲ, ಎರಡು ಬೆರಳಿನಷ್ಟು ಆಳ.

"ಇದು ಯಾವಾಗ ಬಿತ್ತು?" ಎಂದೆ.

"ದಿನಾ ಕುಟ್ಟಿ ಕುಟ್ಟಿ ಬಿದ್ದದರಿ. ಈಗ ಭಾಳ ಛಲೋ ಆಗ್ಯಾದ. ಮೊದಲ ತುಣುಕು ಹಾರಿ ಹೋಗ್ತಿದ್ವು, ಈಗ ಒಳಗ ಕೂಡ್ತಾವ."

ಅವಳ ಮಾತಿನಲ್ಲಿ ಏನೂ ತಪ್ಪಿಲ್ಲ. ನಮ್ಮೂರಿನಲ್ಲಿ ಮನೆಯ ನೆಲ ಈ ಕಲ್ಲು, ಗೋಡೆ ಈ ಕಲ್ಲು, ಅಡುಗೆ ಕಟ್ಟೆ ಈ ಕಲ್ಲು, ಸ್ಮಶಾನದ ದಾರಿಗೂ ಇದೇ ಕಲ್ಲು. ಕುಟ್ಟುವ ಕಲ್ಲಿಗೆ ತಗ್ಗು ಬಿದ್ದರೆ ಒರಳು ಪಳಗಿತು ಎನ್ನುತ್ತಾರೆ. ತಗ್ಗಿನಲ್ಲಿದ್ದ ಕಲ್ಲು ಎಲ್ಲಿ ಹೋಯಿತು ಎಂದು ತಾಂಡೂರಿನವರು ಯಾರೂ ಕೇಳುವುದಿಲ್ಲ. ಹೊಳಪಿನ ಮೇಲ್ಪದರ ಒಡೆಯುವವರೆಗೆ ಅದು ತಡೆದಿತ್ತು, ಒಡೆದ ಮೇಲೆ ಒಳಗಿನ ಪದರುಗಳು ಹಪ್ಪಳದಂತೆ ಎದ್ದು ಎದ್ದು ಪುಡಿಯಾಗಿ ಬಾಟಲಿ ಸೇರಿದ್ದವು. ತಾಂಡೂರಿನ ಫರಸಿ ಎಂದರೆ ಸುಣ್ಣದ ಕಲ್ಲೇ. ಬಣ್ಣ ಕಡುನೀಲಿ ಬೂದು, ಕಲ್ಲಿದ್ದಲಲ್ಲಿ ಗೊತ್ತೇ ಆಗುವುದಿಲ್ಲ. ಕಲ್ಲಿನ ಮನೆಯಲ್ಲಿ ಹುಟ್ಟಿ, ರಸಾಯನಶಾಸ್ತ್ರ ಓದಿ, ಸುಣ್ಣದ ಕಲ್ಲು ಎಂದು ವರದಿಯಲ್ಲಿ ಬರೆದ ನನಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಮರದ ಬುಡದಲ್ಲೇ ಕೂತುಬಿಟ್ಟೆ. ನೀರು ಕೊಡಲೇನ್ರಿ ಎಂದು ಆ ಹೆಂಗಸು ಕೇಳಿದಳು.

ಅನುಮಾನ ಸಾಲದು, ಅಳತೆ ಬೇಕು. ಮುಂದಿನ ಐದು ದಿನ, ದಿನಕ್ಕೊಂದು ಲಾರಿಯ ಮಾಲನ್ನು ಮಧ್ಯಾಹ್ನಕ್ಕೆ ಉಳಿಸಿ ಎರಡು ಪಾಲು ಮಾಡಿಸಿದೆ. ಒಂದು ಪಾಲು ಕಲ್ಲಿನ ಮೇಲೆ ಅವಳು ಕುಟ್ಟಿದಳು. ಇನ್ನೊಂದನ್ನು ಒದ್ದೆ ಗೋಣಿ ಹಾಸಿ ಆರಿಸಿ, ಒರೆಸಿ ಒಣಗಿಸಿದ ಕಬ್ಬಿಣದ ತಗಡಿನ ಮೇಲೆ ನಾನೇ ಕುಟ್ಟಿದೆ. ಎರಡನೆಯ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಐದು ದಿನವೂ ಒಂದೇ ಉತ್ತರ. ಕಲ್ಲಿನದು ಒಂದು ದರ್ಜೆ ಕೆಳಗೆ, ಕಬ್ಬಿಣದ್ದು ಗಣಿಯ ಕಾಗದಕ್ಕೆ ಸರಿಯಾಗಿ. ಕೊನೆಯ ಸಂಜೆ ಬಾಯ್ಲರಿನವರ ಬಳಿ ಹೋಗಿ, "ನಿಮ್ಮ ಅಂದಾಜೇ ಖರೇ ಇತ್ತು," ಎಂದೆ. ಅವರು ಹಿಗ್ಗಲಿಲ್ಲ. "ಆ ಮನಷ್ಯಾಗ ಹೇಳಿದ್ರೇನು?" ಎಂದು ಕೇಳಿದರು.

ಅಂಕಿಗಳನ್ನು ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ರಾಶಿ ಇಳಿದದ್ದರಿಂದ ನಿದ್ದೆಗೆಟ್ಟಿದ್ದರು, ಸಂಜೆಯಾದರೆ ಕಿವಿಯಿಂದ ಫೋನು ಇಳಿಯುತ್ತಿರಲಿಲ್ಲ.

"ಕಲ್ಲು ಎತ್ತಿಸಿಬಿಡಿ," ಎಂದರು. "ನಾಳೆಯಿಂದ ಅಂಕಿ ಸರಿ ಬರುತ್ತೆ. ಸಾಗಣೆಯವರಿಗೆ ಬುದ್ಧಿ ಬಂತು ಅಂದುಕೊಳ್ತಾರೆ. ಮುಗೀತು."

"ಆ ಡ್ರೈವರ್?"

"ಅವನು ನಮ್ಮ ಆಳಲ್ಲ, ಲಾರಿ ಮಾಲೀಕನ ಆಳು. ನೀವು ಇದನ್ನು ಬರೆದುಕೊಟ್ಟರೆ ಈ ವರ್ಷ ನೀವು ಸಹಿ ಹಾಕಿದ ಒಂದೊಂದು ಕಾಗದವನ್ನೂ ಬಿಚ್ಚುತ್ತಾರೆ. ಮೇಲಿನವರು ಕೇಳೋದು ಒಂದೇ, ಕುಟ್ಟಿದವರು ಯಾರು ಅಂತ. ಆ ಹೆಂಗಸಿನ ಕೆಲಸ ಮೊದಲು ಹೋಗುತ್ತೆ. ಯೋಚಿಸಿ."

ಕ್ವಾರ್ಟರ್ಸಿಗೆ ಬಂದು ಯೋಚಿಸಿದೆ. ಯಾರನ್ನಾದರೂ ಕೇಳಬೇಕು ಎನಿಸಿತು. ಫೋನು ಹಿಡಿದು ಹೆಸರುಗಳನ್ನು ಮೇಲಿನಿಂದ ಕೆಳಗೆ ಸರಿಸಿದೆ. ಅಣ್ಣನಿಗೆ ಹೇಳಿದರೆ ತಪ್ಪು ನಿನ್ನ ಕಲ್ಲಿನದೇ ಎಂದ ಹಾಗಾಗುತ್ತದೆ. ಉಳಿದವು ಆಫೀಸಿನ ಹೆಸರುಗಳು, ಗ್ಯಾಸಿನವನು, ಆಮ್ಲಜನಕದ ಸಿಲಿಂಡರಿನವನು. ಒಂಬತ್ತು ವರ್ಷದಲ್ಲಿ ಒಂದು ಕಷ್ಟದ ಮಾತು ಕೇಳಬಲ್ಲ ಒಬ್ಬ ಮನುಷ್ಯನನ್ನೂ ನಾನು ಸಂಪಾದಿಸಿರಲಿಲ್ಲ. ಫೋನು ಕೆಳಗಿಟ್ಟು ಅತ್ತೆ. ಅದು ಆ ಚಾಲಕನಿಗಾಗಿ ಅತ್ತದ್ದಲ್ಲ, ನನಗಾಗಿಯೇ.

ಅವನ ವಿಷಯ ಯೋಚಿಸಿದ್ದು ಅಳು ನಿಂತ ಮೇಲೆ. ಮಾಲು ಕದ್ದ ಎಂದು ಹೆಸರು ಬಿದ್ದವನಿಗೆ ಈ ದಾರಿಯಲ್ಲಿ ಇನ್ನೊಬ್ಬ ಮಾಲೀಕ ಸ್ಟೇರಿಂಗ್ ಕೊಡುವುದಿಲ್ಲ. ಊರಿನಲ್ಲಿ ಅವನ ಬಗ್ಗೆ ಏನು ಮಾತಾಡುತ್ತಿರಬಹುದು ಎಂಬುದೂ ನನಗೆ ಗೊತ್ತು, ನಾನೂ ಇದೇ ಸೀಮೆಯವಳು. ಅವನು ಮಾಡಿದ್ದು ಮನೆಗೆ ಹೋದದ್ದು. ಅದು ನನಗೆ ಅನುಮಾನದ ವಿಷಯವಾಗಿ ಕಂಡಿತ್ತು. ಇದು ಹೊಳೆದಾಗ ಬಹಳ ನಾಚಿಕೆಯಾಯಿತು.

ಬೆಳಗ್ಗೆ ಎರಡು ಪುಟ ಬರೆದೆ. ಕಲ್ಲು ತರಿಸಿದ್ದು ನಾನು, ಹಾಕಿಸಿದ್ದು ನಾನು, ಅದರ ಮೇಲೆ ಕುಟ್ಟು ಎಂದು ಹೇಳಿದ್ದು ನಾನು, ಕುಟ್ಟುವವಳು ಹೇಳಿದ ಹಾಗೆ ಮಾಡಿದ್ದಾಳೆ ಎಂದು ಮೊದಲ ಪುಟದಲ್ಲೇ ಹಾಕಿದೆ. ಏಳು ಬಾಟಲಿಗಳ ನಂಬರ್, ಐದು ದಿನದ ಅಂಕಿ, ಲಾರಿಗಳು ಬಂದ ಹೊತ್ತು ಎಲ್ಲ ಎರಡನೆಯ ಪುಟಕ್ಕೆ. ಪ್ರತಿಗಳನ್ನು ಮುಖ್ಯ ಕಚೇರಿಗೆ, ಗಣಿಯವರಿಗೆ, ಲಾರಿ ಮಾಲೀಕನಿಗೆ ಕಳಿಸಿದೆ. ಮುಖ್ಯಸ್ಥರು ಆ ದಿನದಿಂದ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ತನಿಖೆಗೆ ಇಬ್ಬರು ಬಂದರು. ನನ್ನ ಸಹಿಯ ಅಧಿಕಾರ ಮಳೆಗಾಲ ಮುಗಿಯುವವರೆಗೆ ಹೋಯಿತು. ನನ್ನ ಅಂಕಿಗಳಿಗೆ ಬೇರೊಬ್ಬರು ಬಂದು ಸಹಿ ಹಾಕುವುದು, ನಾನು ಪಕ್ಕದಲ್ಲಿ ನಿಂತಿರುವುದು. ಒಡೆಯುವ ಯಂತ್ರದ ದವಡೆ ಮಾತ್ರ ನಾಲ್ಕೇ ದಿನದಲ್ಲಿ ಬಂತು. ಆ ಹೆಂಗಸಿನ ಕೆಲಸ ಉಳಿಯಿತು.

ಚಾಲಕ ಬರಲಿಲ್ಲ. ಒಳಗೆ ಬಿಡಬಾರದವರ ಗೇಟಿನ ಪಟ್ಟಿಯಿಂದ ಅವನ ಹೆಸರು ತೆಗೆದಿದ್ದೇವೆ, ಬರಬಹುದು ಎಂದು ನಮ್ಮ ಆಫೀಸಿನವರು ಮಾಲೀಕನಿಗೆ ಹೇಳಿದ್ದರು. ಹತ್ತು ದಿನ ಕಾದೆ. ಆಮೇಲೆ ಒಂದು ಭಾನುವಾರ ಬಸ್ಸು ಹತ್ತಿದೆ.

ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ನಾರಾಯಣಖೇಡಕ್ಕೆ ಹೋದೆ. ಮೊದಲ ಮಳೆ ಬಿದ್ದಿತ್ತು, ಕಬ್ಬಿನ ಹೊಲಗಳ ಆಚೆ ಕೆಂಪು ನೆಲದಲ್ಲಿ ಬಿತ್ತನೆ ನಡೆದಿತ್ತು. ಎದುರಿಗೆ ಬಂದ ಒಂದೊಂದು ಕಲ್ಲಿದ್ದಲು ಲಾರಿಯನ್ನೂ ಎಣಿಸಿದೆ, ಸುಮ್ಮನೆ, ಮನಸ್ಸು ಬೇರೆಡೆ ಹೋಗಲಿ ಎಂದು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ತಗಡಿನ ಮಾಳಿಗೆಯ ಎರಡು ಕೋಣೆ. ಅವನು ನೀರಿನ ಟ್ಯಾಂಕರ್ ಹೊಡೆಯಲು ಹೋಗಿದ್ದ, ಹೆಂಡತಿ ಇದ್ದಳು. ನಾನು ಯಾರೆಂದು ಹೇಳಿದೆ. ಅವಳು ಕುರ್ಚಿ ಹಾಕಿದಳು, ನೀರು ಕೊಟ್ಟಳು, ಎದುರಿಗೆ ನಿಂತಳು.

"ಎಂಟು ತಾಸು ಎಲ್ಲಿದ್ದ ಅಂತ ಊರ ಮಂದಿ ಎಲ್ಲಾ ಕೇಳ್ಯಾರ," ಎಂದಳು. "ನನ್ನ ಒಬ್ಬರೂ ಕೇಳಲಿಲ್ರಿ. ಇಲ್ಲಿ ಮಲಗಿದ್ದ. ಈ ಹೊರಸಿನ ಮ್ಯಾಲ. ಗೊರಕಿ ಹೊಡ್ಕೋತ."

ನಾನು ಚೀಲದಿಂದ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಅವನು ಬಂದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ. ನಾನು ಎದ್ದು ನಿಂತು, ವರದಿಯ ಒಂದು ಪ್ರತಿ ಕೊಟ್ಟು, ನಡೆದದ್ದನ್ನು ಮೊದಲಿನಿಂದ ಹೇಳಿದೆ. ಅವನು ಕಾಗದವನ್ನು ಓದಲಿಲ್ಲ, ಮಡಚಿ ಜೇಬಿಗೆ ಇಟ್ಟುಕೊಂಡ.

"ಕಾಗದ ಮಾಲೀಕನೂ ತೋರಿಸ್ಯಾನ್ರಿ. ಮತ್ತ ಬಾ ಅಂದಾನ."

"ಮತ್ತ ಯಾಕ ಬರಲಿಲ್ರಿ ನೀವು?"

"ಕಾಗದ ಇಂಗ್ಲಿಷಿನಾಗ ಅದ. ನಾ ಓದಿ ಹೇಳಿದ್ರ, ನಿಂದ ನೀನ ಹೇಳ್ಕೋತಿ ಅಂತಾರ ಮಂದಿ. ಕಳ್ಳ ಅಂದಾಗ ಕಾಗದ ತೋರ್ಸಂತ ಯಾರೂ ಕೇಳಿರಲಿಲ್ಲ." ಮತ್ತೆ ಚಪ್ಪಲಿ ಮೆಟ್ಟಿಕೊಂಡ. "ಬಂದೀರಿ ಅಂದ್ರ ಒಂದ ಕೆಲಸ ಮಾಡ್ರಿ. ನನ್ನ ಜೋಡಿ ಸ್ಟ್ಯಾಂಡಿನ ತನಕ ಬರ್ರಿ."

ಬಸ್ ಸ್ಟ್ಯಾಂಡಿನ ಎದುರು ಲಾರಿಯವರು ಕೂರುವ ಒಂದು ಹೋಟೆಲು. ಹೊರಗೆ ಬೆಂಚು, ಏಳೆಂಟು ಜನ. ಅವನು ನನಗೆ ಬೆಂಚು ತೋರಿಸಿ ತಾನು ನಿಂತೇ ಇದ್ದ. "ಇವರು ತಾಂಡೂರಿನ ಕೋಯ್ಲಾ ಮೇಡಂ. ಏನೋ ಹೇಳ್ತಾರಂತ, ಕೇಳ್ರಿ," ಎಂದ.

ನನಗೆ ಸಭೆಯಲ್ಲಿ ಮಾತಾಡಿ ರೂಢಿಯಿಲ್ಲ. ಆದರೂ ಹೇಳಿದೆ. "ಈತ ತಂದ ಕೋಯ್ಲಾ ಬರೋಬ್ಬರಿ ಇತ್ರಿ. ಕುಟ್ಟೋ ಜಾಗದಾಗ ನಾ ಒಂದ ಕಲ್ಲು ಹಾಕ್ಸಿದ್ದೆ, ಆ ಕಲ್ಲಿನ ಪುಡಿ ಅದರಾಗ ಕೂಡಿತು. ಅದನ್ನ ನೋಡಿ ಈತ ಕಲಬೆರಕಿ ಮಾಡ್ಯಾನಂತ ನಾ ಬರದೆ. ತಪ್ಪು ನಂದು. ಈತ ಏನೂ ಮುಟ್ಟಿಲ್ಲ."

ಒಬ್ಬ ಮುದುಕ, "ಕಲ್ಲೇನು," ಎಂದು ಗೊಣಗಿದ. ಹೋಟೆಲಿನವನು ಚಹಾ ತಂದಿಟ್ಟ. ಅಷ್ಟರಲ್ಲಿ ಇಬ್ಬರು ಗಾಡಿ ನಿಲ್ಲಿಸಿ ಒಳಗೆ ಬಂದರು.

"ಇನ್ನೊಮ್ಮೆ ಹೇಳ್ರಿ," ಎಂದ ಚಾಲಕ. "ಇವರು ಆವಾಗ ಇರಲಿಲ್ಲ."

ಮತ್ತೆ ಹೇಳಿದೆ. ಆಮೇಲೆ ಅವನ ಹಳೆಯ ಕ್ಲೀನರ್ ಬಂದ, ಅವನಿಗೂ ಹೇಳಿದೆ. ಡೀಸೆಲ್ ಬಂಕಿನ ಒಬ್ಬ ಬಂದ, ಅವನಿಗೆ ಹೇಳುವಾಗ ಮಾತು ತಾನಾಗಿ ಬಂತು. ಹೇಳಿದ ಪ್ರತಿ ಸಲವೂ ಚಾಲಕ ನನ್ನ ಮುಖ ನೋಡುತ್ತಿರಲಿಲ್ಲ, ಕೇಳುತ್ತಿದ್ದವರ ಮುಖವನ್ನೇ ನೋಡುತ್ತಿದ್ದ.

ಜಹೀರಾಬಾದಿನ ಬಸ್ಸು ಬಂದು ನಿಂತಿತು. ನಾನು ಚೀಲ ತೆಗೆದುಕೊಂಡು ಎದ್ದೆ.

"ಇನ್ನೊಂದ ನಾಕ ಮಂದಿ ಬರೋರು ಅದಾರ್ರಿ," ಎಂದ ಅವನು. "ಮುಂದಿನ ಬಸ್ಸಿಗಿ ಹೋಗ್ರಿ."

ನಾನು ಕೂತೆ.